ಸೈಲಸ್‌ನ ರಚನೆ

ಅಮೆರಿಕದ ಬೆರ್ರಿಯೆಸಾದಲ್ಲಿರುವ ನಮ್ಮ ಕನ್ನಡಿಗರ ಸಂಗೀತ ಸಭೆಗೆ ಜಯರಾಮ್ ಅವರೇ ನಿರೂಪಕರು. ವರ್ಣವಾಗಲಿ ಕೀರ್ತನೆಯಾಗಲಿ, ರಾಗ, ತಾಳ, ರಚನೆಕಾರರ ಹೆಸರು ಹೇಳದೆ ಮೈಕು ಬಿಡುವವರಲ್ಲ. ಅಂಥವರು, ನನ್ನ ಮಗಳು ಇಂಚರಾ ಪಿಟೀಲಿನಲ್ಲಿ ನುಡಿಸಲಿದ್ದ ಹಳೆಯ ಅಮೆರಿಕನ್ ಧಾಟಿಗೆ ಮಾತ್ರ, "ಇದು ಜಾನಪದ, ಯಾರದ್ದೂ ಅಲ್ಲ" ಎಂದುಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ಯಾರದ್ದೂ ಅಲ್ಲವಂತೆ! ಅದನ್ನು ಅವಳಿಗೆ ಕಲಿಸಿದ ಕಪ್ಪುಜನಾಂಗದ ಅಜ್ಜ ವಾಲ್ಟರ್, ಗಿಲ್‌ರಾಯ್ ಊರಿನಿಂದ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ಧಾಟಿ ಕಟ್ಟಿದವನು ಅವರ ಮುತ್ತಜ್ಜ ಸೈಲಸ್. ಧಣಿಯ ಮನೆಯ ಕುಣಿತಕ್ಕೆ ಪಿಟೀಲು ನುಡಿಸುತ್ತಿದ್ದ ಗುಲಾಮ. ನುಡಿಸುವ ಮೊದಲು ಅವನ ಹೆಸರು ಹೇಳಬೇಕು ಎಂಬುದೊಂದೇ ವಾಲ್ಟರ್ ಕೇಳಿದ್ದ ಗುರುದಕ್ಷಿಣೆ.

"ಹೆಸರು ಹೇಳ್ರೀ! ನಮ್ಮೋರದ್ದಾಗಿದ್ರೆ ಬಿಡ್ತಿದ್ರಾ?" ಎಂದು ಕೂತಲ್ಲಿಂದಲೇ ಕೂಗಿದೆ. ಸಭೆಯೆಲ್ಲ ನನ್ನತ್ತ ತಿರುಗಿತು.

ವೇದಿಕೆಯ ಮೇಲಿದ್ದ ಇಂಚರಾ ಮೈಕಿನತ್ತ ಬಾಗಿದಳು. "ರಚನೆ, ಸೈಲಸ್."

"ಬರೀ ಸೈಲಸ್ಸಾ? ಪೂರ್ತಿ ಹೆಸರು ಏನಮ್ಮಾ?" ಎಂದು ಜಯರಾಮ್ ನಕ್ಕರು.

ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಅವತ್ತು ಕನ್ನಡದಲ್ಲಿ ಹೇಳಿದಳು:

"ಅವ್ರನ್ನ ಮಾರಿದಾಗ ಅಷ್ಟೇ ಬರ್ಕೊಂಡಿದ್ರು, ಅಂಕಲ್."