ಅಣ್ಣ ಹೇಳಬೇಕಾದ ಕೆಲಸಗಳು

ಅಣ್ಣನ ಬಾಯಿಗೆ 'ನೋಡೋಣ' ಎಂಬ ಮಾತು ಅಂಟಿಕೊಂಡುಬಿಟ್ಟಿತ್ತು. ಹರಿದ ಸೋಫಾ ಹೊತ್ತು ತಂದವರು ಯಾವಾಗ ಕೊಡ್ತೀರಿ ಎಂದರೆ ನೋಡೋಣ. ರೆಕ್ಸಿನ್ ಮುಗಿದಿದೆ, ತರಿಸಲಾ ಎಂದರೆ ನೋಡೋಣ. ಊಟಕ್ಕೆ ಏಳ್ತೀರಾ ಎಂದು ಅತ್ತಿಗೆ ಕೂಗಿದರೂ ನೋಡೋಣ. ಅಷ್ಟಕ್ಕೇ ನಿಂತಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಪಕ್ಕದ ಬಣ್ಣದಂಗಡಿಯವನು ಬಂದು, "ನಿಮ್ಮ ಮಳಿಗೆ ನನಗೆ ಬಿಟ್ಟುಕೊಡಿ, ಗೋಡೆ ಒಡೆದು ಒಂದೇ ಅಂಗಡಿ ಮಾಡ್ಕೋತೀನಿ" ಎಂದಾಗಲೂ ಈ ಮಹಾನುಭಾವ ಅದನ್ನೇ ಹೇಳಿದ. ಬಣ್ಣದಂಗಡಿಯವನೇನು ಕಡಿಮೆಯೇ? ಅದನ್ನೇ ಒಪ್ಪಿಗೆ ಮಾಡಿಕೊಂಡು, ಬರುವ ತಿಂಗಳ ಮೊದಲ ದಿನ ಮೇಸ್ತ್ರಿಯ ಜೊತೆ ಅಳತೆಗೆ ಬರುತ್ತೇನೆಂದು ಹೇಳಿ ಹೋದ.

ತಂಗಿಯ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗ. ತಲೆಯಲ್ಲಿ ಬಿಳಿಕೂದಲು ಇಣುಕಿದ್ದರೂ ಮನೆಯವರ ಬಾಯಲ್ಲಿ ಅವಳು ಇನ್ನೂ ಪುಟ್ಟಿಯೇ. ಅಪ್ಪ ಇದ್ದಾಗಿನಿಂದ ಈ ಕುಶನ್ ಅಂಗಡಿಯ ಹೊಲಿಗೆಯೆಲ್ಲ ಅವಳದು. ಬಿಚ್ಚುವುದು, ಬಿಗಿಯುವುದು, ಮೊಳೆ ಹೊಡೆಯುವುದು ಅಣ್ಣನದು. ಅಂಗಡಿ ಹೋದರೆ ಅಣ್ಣನಿಗೆ ಇನ್ಯಾರದಾದರೂ ಕಾರ್ಖಾನೆಯಲ್ಲಿ ಕೆಲಸ ಸಿಕ್ಕೀತು. ಇವಳಿಗೆ? ಕಿಟಕಿ ಪಕ್ಕದ ಆ ಹೊಲಿಗೆಯಂತ್ರದ ಸ್ಟೂಲು ಬಿಟ್ಟರೆ ಇದು ನನ್ನದು ಎನ್ನುವ ಜಾಗ ಅವಳಿಗೆ ಎಲ್ಲೂ ಇರಲಿಲ್ಲ.

"ಏನಣ್ಣಾ, ಅಂಗಡಿ ಬಿಡೋ ಅಂಥದ್ದೇನಾಗಿದೆ ಈಗ?"

"ಕಾಲಿಡೋಕೆ ಜಾಗ ಇದೆಯೇನೇ ಇಲ್ಲಿ? ಯಾವುದು ಯಾರದು, ಯಾವುದು ಎಲ್ಲಿಗೆ ಬಂತು, ಒಂದೂ ಗೊತ್ತಾಗಲ್ಲ. ಬೆಳಗಾದ್ರೆ ಬೈಸ್ಕೊಳ್ಳೋದು. ಸಾಕಾಗಿದೆ ಕಣೇ."

ಅದೇನೂ ಸುಳ್ಳಲ್ಲ. ಕುರ್ಚಿಗಳು ಕಾಲು ಮೇಲಾಗಿ ಒಂದರ ಮೇಲೊಂದು ಬಿದ್ದಿದ್ದವು. ಹೊಟ್ಟೆ ಬಗೆದ ಸೋಫಾ ಬಾಗಿಲಿಗೇ ಅಡ್ಡ ಕೂತಿತ್ತು. ಹಲ್ಲಿನ ಡಾಕ್ಟರ ಬೆಂಚು ಯಾವ ಕಾಲದಲ್ಲಿ ಬಂತೋ, ಅದರ ಮೇಲೆ ಊಟದ ಡಬ್ಬಿ ಇಡುವುದೇ ರೂಢಿಯಾಗಿತ್ತು. ಜೋರಾಗಿ ಕೂಗಿದವರ ಕೆಲಸ ಮೊದಲು, ಮೆತ್ತಗೆ ಮಾತಾಡುವವರದು ಮೂಲೆಗೆ. ಇದೇ ಅಲ್ಲಿನ ಕಾನೂನು! ಗೋಜಲು ಬಿಡಿಸಿ ತೋರಿಸಿದರೆ ಅಣ್ಣ ತಾನಾಗಿಯೇ ಮನಸ್ಸು ಬದಲಾಯಿಸುತ್ತಾನೆ ಎಂದುಕೊಂಡು ಅವಳು ಸೆರಗು ಬಿಗಿದಳು.

ಗೋಡೆಯಿಂದ ಗೋಡೆಗೆ ಮೂರು ತಂತಿ ಕಟ್ಟಿದಳು. ಒಂದು ಇವತ್ತಿನ ಕೆಲಸಕ್ಕೆ, ಒಂದು ಆಮೇಲಿನದಕ್ಕೆ, ಇನ್ನೊಂದು ಬೇರೆ ಯಾರಿಂದಲೋ ಆಗಬೇಕಾದದ್ದಕ್ಕೆ. ಒಂದೊಂದು ಸಾಮಾನಿಗೂ ಒಂದೊಂದು ಬಟ್ಟೆ ಚೂರು. ಅದರ ಮೇಲೆ ಯಾರದು, ಮುಂದೇನಾಗಬೇಕು ಎಂದು ಬರೆದು, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ತಂತಿಗೆ ಸಿಕ್ಕಿಸಿದಳು.

ಊಟ ತಂದ ಅತ್ತಿಗೆ ಬಾಗಿಲಲ್ಲೇ ನಿಂತು ನಕ್ಕಳು. "ಇದೇನೇ ಪುಟ್ಟಿ, ಅಂಗಡೀಲಿ ಬಟ್ಟೆ ಒಣಗಿಸ್ತಿದೀಯಾ? ಮನೇದೂ ತರ್ಲಾ?"

ಸಂಜೆಯ ಹೊತ್ತಿಗೆ ನೋಡಿದರೆ ಮೊದಲ ತಂತಿ ಬೋಳು ಬೋಳು. ಮೂರನೆಯದು ಭಾರಕ್ಕೆ ಜೋತುಬಿದ್ದಿತ್ತು. ಅಲ್ಲಿದ್ದ ಚೂರುಗಳೆಲ್ಲದರ ಕೊನೆಯಲ್ಲೂ ಒಂದೇ ಮಾತು: 'ಅಣ್ಣ ಹೇಳಬೇಕು.' ಅಣ್ಣ ಒಂದನ್ನು ಓದಿದ, ಇನ್ನೊಂದನ್ನು ಓದಿದ. ಮುಖ ಕೆಂಪೇರಿತು.

"ಬಂದೋರೆಲ್ಲಾ ಓದಲಿ ಅಂತ ನನ್ನ ಮಾನ ಹರಾಜಿಗೆ ಇಟ್ಟಿದೀಯಾ?" ಎಂದವನೇ ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ.

ಪುಟ್ಟಿಗೆ ಸಿಟ್ಟೂ ಬಂತು, ಅಳುವೂ ಬಂತು. ಡಬ್ಬಿ ಕೊಂಡೊಯ್ಯಲು ಬಂದ ಅತ್ತಿಗೆ ಈ ಸಲ ನಗಲಿಲ್ಲ. ತಂತಿಯ ಮೇಲಿನ ಒಂದು ಚೂರನ್ನು ಬೆರಳಲ್ಲಿ ಹಿಡಿದು ಓದಿದಳು. "'ಡಾಕ್ಟರ ಬೆಂಚು ಏನು ಮಾಡೋದು? ಅಣ್ಣ ಹೇಳಬೇಕು.' ಅಲ್ಲ ಕಣೇ, ಹೀಗೆ ಕೇಳಿದ್ರೆ ನಾನೂ ಓಡಿಹೋಗ್ತೀನಿ. ನಿಮ್ಮಣ್ಣಂಗೆ ಕೈ ಚುರುಕು. ಕೂತು ಯೋಚನೆ ಮಾಡಿ ಅಂದ್ರೆ ಬೆವರ್ತಾರೆ. ನಂಗೊತ್ತಿಲ್ವಾ?"

ಪುಟ್ಟಿ ಚೂರುಗಳನ್ನೆಲ್ಲ ಕಿತ್ತು ಮಡಿಲಿಗೆ ಹಾಕಿಕೊಂಡು ಕೂತಳು. ನಿಜವೇ, ತಾನು ಬರೆದದ್ದು ಕೆಲಸಗಳನ್ನಲ್ಲ, ತಲೆನೋವುಗಳನ್ನು. ಕೈ ಹಾಕಿ ಶುರು ಮಾಡಲಾಗದ್ದನ್ನು ತಂತಿಗೆ ಏರಿಸುವುದೇ ಇಲ್ಲ ಎಂದು ತೀರ್ಮಾನಿಸಿ ಪ್ರತಿಯೊಂದನ್ನೂ ಹೊಸದಾಗಿ ಬರೆದಳು.

ಮರುದಿನ ಅಣ್ಣ ಮುಖ ಊದಿಸಿಕೊಂಡು ಬಂದ. ಇವಳು ಹಳೆಯ ಮಾತೆತ್ತಲಿಲ್ಲ. ಎರಡು ಸ್ಪಂಜು ತುಂಡನ್ನು ಅವನ ಎರಡು ಕೈಗೆ ಇಟ್ಟಳು. "ಡಾಕ್ಟರ ಬೆಂಚಿಗೆ ಯಾವುದಣ್ಣಾ?"

ಅವನು ಹೆಬ್ಬೆರಳಿಂದ ಒತ್ತಿ ನೋಡಿ, "ಇದು. ಅದು ಆರು ತಿಂಗಳಿಗೆ ಕೂತುಬಿಡತ್ತೆ" ಎಂದ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದ ಉತ್ತರ! ಬಟ್ಟೆ ಕಂದು ಬಣ್ಣದ್ದಾ, ಹಸಿರಾ? ಕಂದು. ಈ ಸ್ಪ್ರಿಂಗ್ ಇರಲಾ, ಬಿಸಾಕಲಾ? ಬಿಸಾಕು. ಮಧ್ಯಾಹ್ನಕ್ಕೆ ಬೆಂಚಿನ ಚೂರು ಮೊದಲ ತಂತಿಗೆ ಬಂದು ಕೂತಿತು.

ಆಮೇಲೆ ಪುಟ್ಟಿ ಯಾರ ಮುಖವನ್ನೂ ನೋಡಲಿಲ್ಲ, ತಂತಿಯನ್ನಷ್ಟೇ ನೋಡಿದಳು. ಹೋಟೆಲಿನ ಯಜಮಾನರು ಬಂದು ನನ್ನ ಕುರ್ಚಿ ಇವತ್ತೇ ಆಗಬೇಕೆಂದು ಮೇಜು ಕುಟ್ಟಿದರು. "ಕೂಗಿದ್ರೆ ಮುಂದಕ್ಕೆ ಹೋಗಲ್ಲ ಸಾರ್. ನಿಮಗಿಂತ ಮುಂಚೆ ಒಬ್ಬ ಅಜ್ಜಿದು ದಿಂಬಿದೆ" ಎಂದಳು. ಯಜಮಾನರು ಗೊಣಗುತ್ತ ಹೋದರು, ಹೇಳಿದ ದಿನಕ್ಕೆ ಬಂದು ಕುರ್ಚಿ ತೆಗೆದುಕೊಂಡೂ ಹೋದರು. ಕೆಲಸಗಳು ಒಂದೊಂದಾಗಿ ಬಾಗಿಲು ದಾಟಿದವು. ಅಂಗಡಿಗೊಂದು ನೆಲ ಇದೆ, ಅದಕ್ಕೆ ಕೆಂಪು ಬಣ್ಣ ಇದೆ ಎನ್ನುವುದೇ ಇಬ್ಬರಿಗೂ ಮರೆತುಹೋಗಿತ್ತು ನೋಡಿ.

ಆದರೆ ಅಣ್ಣ ಅಂಗಡಿ ಬಿಡುವ ವಿಷಯ ಎತ್ತಲಿಲ್ಲ. ಪುಟ್ಟಿಯೂ ಎತ್ತಲಿಲ್ಲ. ಕೆಲಸವೇ ತನ್ನ ಪರವಾಗಿ ಮಾತಾಡಲಿ ಎಂಬ ಹಟ ಅವಳದು.

ತಿಂಗಳ ಮೊದಲ ದಿನ ಬಣ್ಣದಂಗಡಿಯವನು ಹೇಳಿದ ಹಾಗೇ ಬಂದ. ಜೊತೆಯಲ್ಲಿ ಮೇಸ್ತ್ರಿ, ಮೇಸ್ತ್ರಿಯ ಕೈಯಲ್ಲಿ ಟೇಪು. "ಅಬ್ಬಾ, ಜಾಗ ಖಾಲಿ ಮಾಡೇಬಿಟ್ಟಿದೀರಲ್ಲ!" ಎಂದು ಹಿಗ್ಗಿದ. ಟೇಪಿನ ತುದಿ ಹೊಲಿಗೆಯಂತ್ರದ ಹಿಂದಿನ ಗೋಡೆಗೆ ತಾಗಿತು.

"ಯಾರು ಅಳತೆ ತಗೊಳ್ಳಿ ಅಂದಿದ್ದು?" ಎಂದಳು ಪುಟ್ಟಿ.

"ನೀನು ಸುಮ್ನಿರಮ್ಮಾ. ನಿಮ್ಮಣ್ಣ ಹೇಳಲಿ."

ಅಣ್ಣ ಕುರ್ಚಿಗೆ ಬಟ್ಟೆ ಬಿಗಿಯುತ್ತಿದ್ದ. ಒಂದು ಕೈಯಲ್ಲಿ ಸುತ್ತಿಗೆ, ಒಂದು ಕೈಯಲ್ಲಿ ಬಟ್ಟೆಯ ಅಂಚು, ತುಟಿಗಳ ನಡುವೆ ಸಣ್ಣ ಮೊಳೆಗಳು. ತಲೆಯೆತ್ತಿ ಇಬ್ಬರನ್ನೂ ನೋಡಿದ. ಹಣೆಯ ಮೇಲೆ ಬೆವರು ಒಡೆಯಿತು. ಆ ಬೆವರು ಕಂಡದ್ದೇ ಪುಟ್ಟಿಗೆ ಹೊಳೆಯಿತು. ಊರವರ ಕೆಲಸವನ್ನೆಲ್ಲ ಕೈಗೆ ಸಿಗುವಷ್ಟು ಸಣ್ಣದು ಮಾಡಿ ಅವನ ಮುಂದಿಟ್ಟವಳು ತನ್ನದನ್ನು ಮಾತ್ರ ಇಟ್ಟೇ ಇರಲಿಲ್ಲ. ಇಲ್ಲ ಎಂದುಬಿಟ್ಟರೆ? ಎಂದರೆ ಎನ್ನಲಿ, ಕೇಳಿಯೇ ತೀರುವುದು.

ಅವನ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಅಣ್ಣಾ, ಇನ್ಮೇಲೆ ಈ ಅಂಗಡಿ ನಾನು ನಡೆಸ್ತೀನಿ. ನೀನು ನನ್ನ ಜೊತೆ ಕೆಲಸ ಮಾಡ್ಕೊಂಡಿರು. ಹೂಂ ಅನ್ನು, ಇಲ್ಲಾ ಊಹೂಂ ಅನ್ನು."

ತುಟಿಗಳ ನಡುವಿನ ಮೊಳೆಗಳು ಹಾಗೇ ಇದ್ದವು. "ಹೂಂ" ಎಂದ ಅಣ್ಣ.

ಬಣ್ಣದಂಗಡಿಯವನು ಏನೇನೋ ಹೇಳಿದ, ಮಾತು ಕೊಟ್ಟಿದ್ರಿ ಎಂದ, ಕೊನೆಗೆ ಮೇಸ್ತ್ರಿಯನ್ನು ಕರೆದುಕೊಂಡು ಧುಮುಗುಡುತ್ತ ಹೋದ. ಅಣ್ಣ ಮೊಳೆಗಳನ್ನು ಅಂಗೈಗೆ ಉಗಿದುಕೊಂಡು ತಂಗಿಯನ್ನೇ ನೋಡಿದ.

"ಅಪ್ಪ ಹೋದಾಗಿಂದ ಕಾಯ್ತಿದೀನಲ್ಲೇ. ಇಷ್ಟು ವರ್ಷ ಯಾಕೇ ಕೇಳಲಿಲ್ಲ ನೀನು?"