ಸ್ವರ ಆಮೇಲೆ

ಗೆರೆ ಮೊದಲು, ಸ್ವರ ಆಮೇಲೆ. ಹೊಸಕೋಟೆಯಲ್ಲಿ ನನ್ನ ಗಂಡ ಶೀಘ್ರಲಿಪಿ ಕಲಿಸುವಾಗ ಇದೇ ಮೊದಲ ಪಾಠ. ವ್ಯಂಜನಗಳನ್ನು ಕೈ ಎತ್ತದೆ ಒಂದೇ ಗೆರೆಯಾಗಿ ಎಳೆಯಬೇಕು. ಆಮೇಲೆ ಕೈ ಎತ್ತಿ ಪಕ್ಕದಲ್ಲಿ ಚುಕ್ಕೆ ಇಡಬೇಕು. ಆಯಾ ವ್ಯಂಜನದ ಗೆರೆಯ ತಲೆಗಿಟ್ಟರೆ ಅಕಾರ, ಬುಡಕ್ಕಿಟ್ಟರೆ ಇಕಾರ. ಇಂಗ್ಲಿಷಿಗೆಂದು ಹುಟ್ಟಿದ ಲಿಪಿಯನ್ನು ಅವರು ಕನ್ನಡಕ್ಕೆ ಬಗ್ಗಿಸಿಕೊಂಡಿದ್ದರು. ಬಿ.ಎ. ಮುಗಿಸಿ ಬಂದ ನಾನೂ ಅವರಲ್ಲೇ ಕಲಿತೆ.

ಗಂಟಲುಮಾರಿ ಬಂದು ಅವರ ಮಾತು ನಿಂತಿತು. ಬೇಕಾದ್ದನ್ನು ನನ್ನ ಅಂಗೈ ಮೇಲೆ ಬೆರಳಲ್ಲಿ ಬರೆಯುತ್ತಿದ್ದರು. ನೀರು. ಕಿಟಕಿ. ಕೊನೆಯ ಮಧ್ಯಾಹ್ನ 'ಅಮ್ಮ' ಎಂದು ಬರೆದರು. ಅದರ ಮುಂದೆ ಬ, ರ, ಲ. ಚುಕ್ಕೆ ಇಡಲು ಬೆರಳೆತ್ತಿದರು. ಅದು ಇಳಿಯಲಿಲ್ಲ.

ಚುಕ್ಕೆ ಲಕಾರದ ಬುಡಕ್ಕಾದರೆ ಬರಲಿ. ತಲೆಗಾದರೆ ಬರಲ್ಲ.

ಓದಿದವಳನ್ನು ಕಟ್ಟಿಕೊಂಡನೆಂದು ಅತ್ತೆ ಗಂಗಲಕ್ಷ್ಮಮ್ಮ ನಮ್ಮ ಹೊಸಿಲು ತುಳಿಯುವುದಿಲ್ಲವೆಂದು ಆಣೆ ಇಟ್ಟಿದ್ದರು. ಕಾಯಿಲೆಯ ಸುದ್ದಿ ಕೇಳಿ ಸೂಲಿಬೆಲೆಯಿಂದ ಹೊರಟರು. ಯುದ್ಧದ ಕಾಲ, ಪೆಟ್ರೋಲ್ ಸಿಗದೆ ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ದಾರಿಯಲ್ಲೇ ನಿಂತಿತು. ಅವರು ಬಂದಾಗ ಮಗನ ಕಣ್ಣು ಮುಚ್ಚಿಯಾಗಿತ್ತು. ಅಂದಿನಿಂದ ನನ್ನೊಡನೆಯೇ ಇದ್ದಾರೆ.

ಗಂಡನ ಆ ಬೆರಳೂ ಇದೆ. ಅನ್ನ ಬಸಿಯುವಾಗ, ಬಟ್ಟೆ ಹಿಂಡುವಾಗ, ಅಂಗೈಗೆ ತಾಗದಷ್ಟು ಮೇಲೆ ಅದು ತಡೆದು ನಿಂತಿರುತ್ತದೆ. ಮುಷ್ಟಿ ಬಿಗಿದರೆ ಒಳಗೆಲ್ಲ ತಣ್ಣಗಾಗುತ್ತದೆ.

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯ ದ್ಯಾವಮ್ಮ ಮಜ್ಜಿಗೆಗೆ ಬಂದವಳು ಅತ್ತೆಯನ್ನು ನೋಡಿ ನಕ್ಕಳು. "ಅಲ್ಲ ಕಣಕ್ಕ, ಸಾಯೋವಾಗ ನಿನ್ ಮಗ ಕೋಳಿ ಕೆದರ್ದಂಗೆ ಏನೋ ಗೀಚಿದ್ನಂತೆ. ಬಿ.ಎ. ಓದಿರೋಳಿಗೂ ಓದಕ್ಕಾಗ್ಲಿಲ್ವಂತೆ!"

"ಮಜ್ಜಿಗೆ ಇಸ್ಕೊಂಡ್ಯಲ್ಲ, ಹೊರಡು," ಎಂದರು ಅತ್ತೆ.

ಅವಳು ಹೋದ ಮೇಲೆ ನನ್ನೆದುರು ಬಂದು ಕೂತರು. "ನನ್ ಮಗ ನನ್ನ ಬರ್ಲಿ ಅಂದ್ನೋ, ಅವಳೆಲ್ಲಿ ಬರ್ತಾಳೆ ಅಂದ್ನೋ? ಹೇಳ್ಬಿಡು ತಾಯಿ."

"ಗೊತ್ತಿಲ್ಲ ಅತ್ತೆ. ಸ್ವರ ಇಡಲಿಲ್ಲ."

"ಅದೇನ್ ಹಾಳು ಸ್ವರವೋ! ಅವನು ಬರೆದಂಗೇ ನನ್ ಕೈಮೇಲೆ ಬರಿ, ನೋಡಾನ."

ಕಳೆ ಕಿತ್ತು ಒರಟಾದ ಅಂಗೈ. ಅಮ್ಮ ಎಂದು ಬರೆದೆ. ಬ, ರ, ಲ. ಬೆರಳೆತ್ತಿದೆ. ಅಲ್ಲಿಗೆ ನಿಲ್ಲಿಸಬೇಕೆಂದಿದ್ದೆ.

ನನ್ನ ಮಣಿಕಟ್ಟು ತಣ್ಣಗಾಯಿತು. ಬೆರಳು ತಾನಾಗಿ ಇಳಿಯಿತು. ಲಕಾರದ ಗೆರೆಯ ತಲೆಗೆ ಒತ್ತಿತು, ಬುಡಕ್ಕಲ್ಲ.

ಅತ್ತೆ ಅಂಗೈಯ ಹತ್ತಿರಕ್ಕೆ ಬಗ್ಗಿದರು. "ಇದು ನಿನ್ ಬೆರಳಲ್ಲ ಕಣವ್ವ. ಅವನ್ದು." ನನ್ನ ಮುಖ ನೋಡಿ ಕೇಳಿದರು. "ಏನಂತಾನೆ?"

"ಬರಲಿ ಅಂತಾರೆ," ಎಂದೆ.

ಅವರ ಕಣ್ಣು ತುಂಬಿತು. ನಾನು ಕೈ ಎಳೆದುಕೊಳ್ಳಲು ನೋಡಿದೆ. ಬೆರಳು ಬರಲಿಲ್ಲ. ಅದೇ ಜಾಗದಲ್ಲಿ, ಗೆರೆಯ ತಲೆಗೇ, ಇನ್ನೊಮ್ಮೆ ಒತ್ತಿತು. ಮತ್ತೆ ಒತ್ತಿತು, ಇನ್ನೂ ಜೋರಾಗಿ.

"ನೋಡು, ಎಷ್ಟು ಕರೀತವ್ನೆ," ಎಂದರು ಅತ್ತೆ.