ಕವರಿನ ಮೇಲಿನ ಹೆಸರು

ಮೂರನೇ ಹಾಡಿನ ನಡುವೆ ಡ್ರೈವರನ ಬೆರಳುಗಳು ಸ್ಟೇರಿಂಗಿನ ಮೇಲೆ ತಾಳ ಹಾಕುವುದನ್ನು ನಿಲ್ಲಿಸಿದವು. ಹಾಡುಗಾರ ಕಂಡೂ ಕಾಣದವನಂತೆ ಡ್ರೈವರನ ಪಕ್ಕದ ಬಾನೆಟ್ಟಿನ ಮೇಲಿಟ್ಟ ಫೋನಿನತ್ತ ಬಗ್ಗಿದ. ವಿಷಯ ಹೇಳಿಬಿಡಬೇಕೆಂದೇ ಬಂದಿದ್ದ. ಬಾಯಿ ಬಾರದೆ ಹಾಡು ಹಾಕಿದ್ದ.

ನಿಲ್ದಾಣದ ಕೊನೆಯಲ್ಲಿ ಬಾಗಿಲು ಮುಚ್ಚಿ ನಿಂತ ಖಾಲಿ ಬಸ್ಸು. ಮುಂದಿನ ಟ್ರಿಪ್ಪಿಗೆ ಕಾಲು ಗಂಟೆಯಿತ್ತು. ಹತ್ತೊಂಬತ್ತು ವರ್ಷಗಳ ಹಿಂದೆ ಒಡೆದುಹೋದ ರಾಕ್ ಬ್ಯಾಂಡು ಮತ್ತೆ ಕೂಡಿ ಆಲ್ಬಮ್ ಮುಗಿಸಿತ್ತು. ಅದನ್ನು ಮೊದಲು ಕೇಳಿಸಬೇಕಾದದ್ದು ಡ್ರಮ್ಸ್ ಬಾರಿಸುವವನಿಗೆ, ಅಂದರೆ ಈ ಡ್ರೈವರನಿಗೆ. ಅವನು ಹಾಡುಗಾರನ ಅಕ್ಕನ ಗಂಡ. ಅಕ್ಕನ ಎದುರು ಭಾವ, ಬ್ಯಾಂಡಿನಲ್ಲಿ ಏಕವಚನ.

ಮೊದಲೆರಡು ಹಾಡಿಗೆ ಡ್ರೈವರ ತಮಾಷೆ ಮಾಡಿದ್ದ. ನಿನ್ನ ಗಂಟಲು ಬ್ರೇಕ್ ಸವೆದ ಗಾಡಿ ಆಗಿದೆ, ಜನ ತಾವೇ ಸೈಡಿಗೆ ಹೋಗ್ತಾರೆ ಬಿಡು ಎಂದಿದ್ದ. ಈಗ ಕೊನೆಯ ಪಲ್ಲವಿ ಮುಗಿಯುವ ತನಕ ಫೋನಿನತ್ತ ಕಿವಿಯಿಟ್ಟು ಕೇಳಿದ.

"ಈ ಜಾಗಕ್ಕೆ ಬಂದ್ರೆ ನಾನು ತಾಳ ಸ್ವಲ್ಪ ಎಳೀತೀನಿ," ಎಂದ. "ಬೇಡ ಅಂದ್ರೂ ಹಂಗೇ ಆಗುತ್ತೆ. ಇವನು ಎಳೆದಿಲ್ಲ. ಯಾರೋ ಇದು?"

ಹಾಡುಗಾರ ಹೇಳಿದ. ದಿನವಿಡೀ ಬಸ್ಸು ಓಡಿಸಿ ಬಂದ ಎಡಭುಜ ಅರ್ಧ ಹಾಡಿಗೇ ಸೋಲುತ್ತಿದ್ದುದನ್ನು ಸ್ಟುಡಿಯೋದಲ್ಲಿ ಎಲ್ಲರೂ ನೋಡಿದ್ದರು, ಯಾರೂ ತುಟಿ ಬಿಚ್ಚಿರಲಿಲ್ಲ. ಅವನು ಡ್ಯೂಟಿಯಲ್ಲಿದ್ದ ಎರಡು ದಿನ ಬೇರೊಬ್ಬನನ್ನು ಕರೆಸಿ ಬಾರಿಸಿದ್ದರು.

"ಎಲ್ಲಾ ಹಾಡಿಗೂನಾ?"

"ಎಲ್ಲಾ."

ಡ್ರೈವರ ಫೋನಿನ ಪಕ್ಕದಲ್ಲಿದ್ದ, ಅಚ್ಚಿಗೆ ಹೋಗಬೇಕಿದ್ದ ಆಲ್ಬಮ್ ಕವರಿನ ಮಾದರಿಯನ್ನು ಕೈಗೆತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಸಣ್ಣ ಅಕ್ಷರಗಳನ್ನು ಓದತೊಡಗಿದ. ಡ್ರಮ್ಸ್ ಎಂದಿರುವ ಕಡೆ ಅವನ ಹೆಸರೇ ಇತ್ತು. ತೆಗೆಸು ಎನ್ನುತ್ತಾನೆ, ಬೈಯುತ್ತಾನೆ, ಬೈದರೆ ಒಳ್ಳೆಯದು ಎಂದು ಹಾಡುಗಾರ ಕಾದ.

"ಇರ್ಲಿ, ತೆಗೀಬೇಡ," ಎಂದ ಅವನು. "ಮಗಳು ಕಾಲೇಜಿಗೆಲ್ಲ ಹೇಳ್ಕೊಂಡು ಬಂದಿದಾಳೆ, ನಮ್ಮಪ್ಪ ಮತ್ತೆ ಬಾರಿಸ್ತಿದಾರೆ ಅಂತ." ಕನ್ನಡಕ ಮತ್ತೆ ಮೂಗಿಗಿಳಿಸಿ, "ನಿಮ್ಮಕ್ಕಂಗೂ ಹೇಳ್ಬೇಡ."

ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು. ಅವನು ಕವರನ್ನು ಹಿಂದಿರುಗಿಸಿ, ಟಿಕೆಟ್ ಇಲ್ಲದವರು ಇಳೀರಿ ಎಂದ. ನಗಲಿಲ್ಲ. ಹಾಡುಗಾರ ಇಳಿದು, ಹತ್ತುವವರಿಗೆ ದಾರಿ ಬಿಟ್ಟು ನಿಂತ. ಬಸ್ಸು ಕದಲಿತು. ಕಿಟಕಿಗಳೊಳಗಿನ ತಲೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ವಾಲಿ, ಒಟ್ಟಿಗೆ ನೆಟ್ಟಗಾದವು.